ಕೈಗೆ ತಿಳಿಯುವ ರ‍್ಯಾಕೆಟ್

ಸೆಮಿಫೈನಲ್ ಗೆದ್ದೆವು, ಆದರೆ ನನ್ನ ರ‍್ಯಾಕೆಟ್ ಹೋಯಿತು. ಕೊನೆಯ ಪಾಯಿಂಟಿನಲ್ಲಿ ಶಟಲ್ ನಮ್ಮಿಬ್ಬರ ನಡುವೆ ಹಿಂದಕ್ಕೆ ಬಂತು. ನಾನು ಹೊಡೆಯಲು ತಿರುಗಿದೆ, ಜೊತೆಗಾರ್ತಿ ಯಾಸ್ಮೀನಳೂ ನುಗ್ಗಿದಳು. ಅವಳ ರ‍್ಯಾಕೆಟ್ ಶಟಲನ್ನು ಆಚೆ ದಾಟಿಸಿ ನನ್ನದಕ್ಕೆ ಬಡಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರೆ ನಾನು ಸೀಳಿಹೋದ ರ‍್ಯಾಕೆಟ್ ಹಿಡಿದು ನಿಂತಿದ್ದೆ.

ಬಾಗಲಕೋಟೆಯ ನವನಗರದಲ್ಲಿ ಸರ್ಕಾರಿ ನೌಕರರ ಜಿಲ್ಲಾ ಕ್ರೀಡಾಕೂಟದ ಬ್ಯಾಡ್ಮಿಂಟನ್ ಡಬಲ್ಸ್ ಅದು. ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಯಾಸ್ಮೀನ ಹುನಗುಂದದ ತಾಲ್ಲೂಕು ಕಚೇರಿಯಲ್ಲಿದ್ದಾಳೆ, ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಚಿಕ್ಕವಳು. ಫೈನಲ್ ನಾಲ್ಕು ಗಂಟೆಗಿತ್ತು. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗಬಹುದು. ಇದುವರೆಗೆ ಒಮ್ಮೆಯೂ ಹೋಗಿರಲಿಲ್ಲ. ಇಂಥ ಹೊತ್ತಿನಲ್ಲಿ ಕೈ ಬರಿದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಪಾಲಿನ ಶಟಲ್ಲಿಗೆ ಅವಳು ಬರುವ ಅಗತ್ಯವೇನಿತ್ತು?

ಹೊಸ ರ‍್ಯಾಕೆಟ್ ಕೊಳ್ಳಲು ಇಬ್ಬರೂ ಹೊರಟೆವು. ಮುರ್ತುಜಸಾಬರ ಆಟದ ಸಾಮಾನಿನ ಅಂಗಡಿ ಹತ್ತಿರದಲ್ಲೇ ಇತ್ತು. ಕೊಳ್ಳುವವರು ಆಡಿ ನೋಡಲಿ ಎಂದು ಅವರು ಹಿತ್ತಲಿನಲ್ಲಿ ಒಂದು ನೆಟ್ ಕಟ್ಟಿಸಿದ್ದರು.

"ಎಲ್ಲಾ ಆಟಕ್ಕೂ ಆಗೂವಂಥಾದ್ದು ಕೊಡ್ರಿ," ಎಂದೆ. "ತಲಿ ಭಾರ ಇರಬಾರ್ದು, ತೀರಾ ಹಗರೂ ಇರಬಾರ್ದು. ಶಟಲ್ ತಾಗಿದ್ದು ಕೈಗೆ ತಿಳೀಬೇಕು."

"ಕೈಗೆ ತಿಳಿಯೂದನ್ನ ನಾ ಹೆಂಗ ಹೇಳ್ಲಿರಿ ಬಾಯಾರ? ನೀವ ಆಡಿ ನೋಡ್ರಿ," ಎಂದು ಅವರು ಮೂರು ರ‍್ಯಾಕೆಟ್ ಮುಂದಿಟ್ಟರು.

ಮೊದಲನೆಯದರಲ್ಲಿ ಹೊಡೆತ ಜೋರಾಗಿ ಹೋಗುತ್ತಿತ್ತು, ಆದರೆ ಮೈಮೇಲೆ ಬಂದ ಶಟಲ್ಲಿಗೆ ಅದು ಬೇಗ ತಿರುಗುತ್ತಿರಲಿಲ್ಲ. ಎರಡನೆಯದು ಸರಕ್ಕನೆ ತಿರುಗುತ್ತಿತ್ತು, ಆದರೆ ತಂತಿಗೆ ಜೀವವೇ ಇಲ್ಲ, ಹತ್ತಿಯ ಉಂಡೆ ಹೊಡೆದ ಹಾಗೆ. ಮೂರನೆಯದನ್ನು ಹಿಡಿದು ಒಂದು ಶಟಲ್ ಹೊಡೆದೆ. ತಂತಿಯ ಮೇಲೆ ಅದು ಅರೆಗಳಿಗೆ ಕೂತು ಹೋದದ್ದು ಅಂಗೈವರೆಗೂ ಬಂತು. ಇದೇ ಸರಿ ಅನ್ನಿಸಿತು.

ಆದರೂ ಸಮಾಧಾನವಾಗಲಿಲ್ಲ. ನೆಟ್ಟಿನ ಆಚೆ ನಿಂತಿದ್ದ ಯಾಸ್ಮೀನ ಪ್ರತಿಯೊಂದು ಶಟಲನ್ನೂ ನನ್ನ ಬಲಗೈ ಹತ್ತಿರಕ್ಕೇ ತಂದು ಹಾಕುತ್ತಿದ್ದಳು, ಹೊಸ ಸೊಸೆ ಅತ್ತೆಯ ಮುಂದೆ ಚಹಾ ಇಟ್ಟಂತೆ.

"ಸರಿಯಾಗಿ ಹೊಡಿ. ಫೈನಲ್‌ದಾಗ ನನಗ ಯಾರೂ ಹಿಂಗ ಉಣಸೂದಿಲ್ಲ."

"ಬ್ಯಾಟ ಚಲೋ ಐತಲ್ರಿ ಅಕ್ಕಾ. ತಗೊಂಡ ಹೋಗೂಣು ನಡೀರಿ, ಹೊತ್ತಾತು."

"ಹೊಡಿ ಅಂತೇನಿ."

ಹೊಡೆದಳು. ಶಟಲ್ ನನ್ನ ಎಡಗಡೆ ಹಿಂದಕ್ಕೆ ಹೋಯಿತು. ನಾನು ತಿರುಗುವಷ್ಟರಲ್ಲಿ ನೆಲಕ್ಕೆ ಬಿದ್ದಿತ್ತು. ಇನ್ನೊಂದು ಹೊಡೆ ಎಂದೆ. ಅದೂ ಅಲ್ಲೇ ಬಿತ್ತು. ಮತ್ತೊಂದಕ್ಕೆ ಇನ್ನಷ್ಟು ಬೇಗ ಓಡಿದೆ. ರ‍್ಯಾಕೆಟ್ ಗಾಳಿಯನ್ನಷ್ಟೇ ಸೀಳಿತು. ಮುರ್ತುಜಸಾಬರು ಏನೋ ನೆಪ ಮಾಡಿ ಒಳಗೆ ಹೋದರು.

"ಹೊಸಾ ಬ್ಯಾಟು, ಅದಕ್ಕ," ಎಂದೆ ಏದುಸಿರು ಬಿಡುತ್ತ. "ಪಂದ್ಯದಾಗ ಇಂಥವೆಲ್ಲಾ ತೆಗೀತೇನಿ."

ಯಾಸ್ಮೀನ ಕೆಳಗೆ ನೋಡುತ್ತ ಶಟಲ್ಲಿನ ಗರಿ ಸರಿಮಾಡುತ್ತಿದ್ದಳು.

"ನೀವು ತೆಗ್ಯಾಂಗಿಲ್ರಿ ಅಕ್ಕಾ. ನಾ ತೆಗೀತೇನಿ."

"ಯಾವಾಗಿಂದ?"

"ಹ್ವಾದ ವರ್ಷದಿಂದ. ನೀವು ತಿರಗೂದರಾಗ ನಾ ಬಂದು ಹೊಡದಿರ್ತೇನಿ. ಇವತ್ತ ನೀವೂ ಬಂದ್ರಿ, ಬಡೀತು."

"ನನಗ ಹೇಳಬೇಕಿತ್ತಿಲ್ಲ?"

"ಅಕ್ಕಾ ಅಂತ ಕರದು ಅದನ್ನ ಹೆಂಗ ಹೇಳ್ಲಿರಿ? ಹೇಳಿದ್ರ ನೀವು ಆಟಾನ ಬಿಡ್ತಿದ್ರಿ."

ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ, ನಾಚಿಕೆಯಾಯಿತಲ್ಲ ಎಂದು ಮತ್ತೆ ಸಿಟ್ಟು. ಒಂದು ವರ್ಷದಿಂದ ನಾನು ತೆಗೆದುಕೊಂಡ ಚಪ್ಪಾಳೆಯಲ್ಲಿ ಅವಳದೆಷ್ಟೋ, ನನ್ನದೆಷ್ಟೋ. ರ‍್ಯಾಕೆಟ್ ಅಲ್ಲೇ ಇಟ್ಟು ಇಳಕಲ್ ಬಸ್ ಹತ್ತಿಬಿಡೋಣ ಅನ್ನಿಸಿತು. ನಾನು ಹೋದರೆ ಅವಳಿಗೂ ಫೈನಲ್ ಇಲ್ಲ. ಕೂಟದ ನಡುವೆ ಜೊತೆಗಾರರನ್ನು ಬದಲಿಸುವಂತಿಲ್ಲ. ಅದು ಗೊತ್ತಿದ್ದೂ ಬಾಗಿಲ ಕಡೆ ನಡೆದೆ.

"ಅಕ್ಕಾ, ಒಂದ ಶಟಲ್," ಎಂದಳು. ನೆಟ್ಟಿನ ಹತ್ತಿರದ ಜಾಗ ತೋರಿಸಿದಳು. "ನೆಟ್ ಹಂತ್ಯಾಕ ನಿಂದರ‍್ರಿ."

ನಿಂತೆ. ಅವಳು ನೆಟ್ಟಿನ ಮೇಲೆ ತಗ್ಗಾಗಿ ಒಂದನ್ನು ಕಳಿಸಿದಳು. ಯೋಚಿಸದೆ ರ‍್ಯಾಕೆಟ್ ಒಡ್ಡಿದೆ. ಶಟಲ್ ನೆಟ್ಟಿಗೆ ಮೈ ತಾಗಿಸಿಕೊಂಡೇ ಆಚೆ ಇಳಿಯಿತು. ಅವಳು ಕದಲಲೂ ಇಲ್ಲ.

"ಇಂಥಾ ಕೈ ಈ ಜಿಲ್ಲಾದಾಗ ಯಾರಿಗೈತ್ರಿ? ನೀವು ಮುಂದ ಇರ್ರಿ. ಹಿಂದಿಂದೆಲ್ಲಾ ನನಗ ಬಿಡ್ರಿ. ಆದ್ರ ಖರೇನ ಬಿಡಬೇಕು ನೋಡ್ರಿ."

ಬಿಡಲಾದೀತೇ ಎಂಬುದು ನನಗೇ ಗೊತ್ತಿರಲಿಲ್ಲ. ಮೂರನೆಯ ರ‍್ಯಾಕೆಟ್ ತೆಗೆದುಕೊಂಡೆ.

ಫೈನಲ್ ಕೊನೆಯವರೆಗೂ ಸಮಸಮನಾಗಿ ನಡೆಯಿತು. ನೆಟ್ಟಿನ ಬಳಿ ನನ್ನ ಕೈ ಹೇಳಿದಂತೆ ರ‍್ಯಾಕೆಟ್ ಕೇಳಿತು. ಗೆಲುವಿಗೆ ಒಂದೇ ಪಾಯಿಂಟ್ ಉಳಿದಿದ್ದಾಗ ಎದುರಿನವರು ಶಟಲನ್ನು ನನ್ನ ತಲೆಯ ಮೇಲೆ ಎತ್ತಿ ಹಿಂದಕ್ಕೆ ಹೊಡೆದರು. ಎಡಕ್ಕೆ, ಅದೇ ಜಾಗಕ್ಕೆ. ಹಿಮ್ಮಡಿ ಎದ್ದಿತು, ಭುಜ ಅರ್ಧ ತಿರುಗಿತು. ಹಲ್ಲು ಕಚ್ಚಿ ನಿಂತೆ. ಅಷ್ಟು ಕಷ್ಟದ ಕೆಲಸವನ್ನು ಆಟದಲ್ಲಿ ನಾನು ಯಾವತ್ತೂ ಮಾಡಿರಲಿಲ್ಲ. ಹಿಂದೆ ಅವಳ ಬೂಟು ಕಿರ್ರೆಂದಿತು, ಹೊಡೆತ ಸಿಡಿಯಿತು, ಶಟಲ್ ನನ್ನ ಕಿವಿಯ ಪಕ್ಕದಲ್ಲೇ ಹಾದು ಆಚೆ ನೆಲಕ್ಕೆ ಬಿತ್ತು.

ಆ ಪಾಯಿಂಟ್ ಯಾಸ್ಮೀನಳದು. ಈ ಸಲ ಅದು ನನಗೆ ಗೊತ್ತಿತ್ತು.