ತಿಮ್ಮರಾಜುವಿನ ಬಾಯಲ್ಲಿ ಬಂದ ಸಾಕ್ಷಿ

ರಾಮಚಂದ್ರಪ್ಪನನ್ನು ಮನೆಯಿಂದ ಹೊರಡಿಸಿಕೊಂಡು ಬರುವ ಕೆಲಸವನ್ನು ನಾಗರಾಜನ್ ತಿಮ್ಮರಾಜುವಿಗೆ ಒಪ್ಪಿಸಿದ್ದು, ಅವನಿಗೆ ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ.

ನಾಗರಾಜನ್ ಎಂದರೆ ಸೇಲಂನ ಅಂಗಡಿಯವರು ದನಿ ತಗ್ಗಿಸುತ್ತಿದ್ದರು. ಊರಾಚೆಯ ಕೆರೆಗೆ ಬೇಲಿ ಹಾಕಿಸಿ ಸೈಟು ಮಾಡುತ್ತಿದ್ದ ರೌಡಿ ಅವನು. ಅವನ ಮೇಲೆ ಕೇಸು ಹಾಕಿದ್ದ ಸುಬ್ಬರಾಯನ್ ಎಂಬ ನಿವೃತ್ತ ಮೇಷ್ಟರನ್ನು ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಕಡಿದು ಹಾಕಿದ. ಅಲ್ಲಿದ್ದ ಹನ್ನೊಂದು ಜನರಲ್ಲಿ ಹತ್ತು ಜನ ಏನೂ ನೋಡಿಲ್ಲ ಅಂದರು. ನೋಡಿದೆ ಅಂದವನು ರಾಮಚಂದ್ರಪ್ಪ ಒಬ್ಬನೇ. ಗುಗೈ ಬೀದಿಯ ಕನ್ನಡದ ನೇಕಾರ, ಅರವತ್ತೆರಡು ವರ್ಷ, ರೇಷ್ಮೆ ಪಂಚೆ ನೇಯುವವನು. ನಾಗರಾಜನ್ ಜಾಮೀನಿನ ಮೇಲೆ ಹೊರಗೆ ಬಂದ ಮೇಲೂ ಅವನು ಮಾತು ಬದಲಿಸಲಿಲ್ಲ.

ತಿಮ್ಮರಾಜು ಧರ್ಮಪುರಿಯಾಚೆಯ ಮಾರಂಡಹಳ್ಳಿ ಕಡೆಯ ರಾಗಿ ಬೆಳೆಯುವ ಮನೆಯ ಮಗ. ನಾಗರಾಜನ್ ಜೊತೆ ಸೇರಿ ಎಂಟು ವರ್ಷವಾಗಿತ್ತು. ಹೊಡೆದಿದ್ದ, ಹೆದರಿಸಿದ್ದ, ಕೊಂದಿರಲಿಲ್ಲ. ಆ ಬೆಳಿಗ್ಗೆ ಅವನು ಬಿಳಿ ಅಂಗಿ ತೊಟ್ಟು ನೇಕಾರನ ಬಾಗಿಲಲ್ಲಿ ನಿಂತು, ಸರ್ಕಾರಿ ವಕೀಲರ ಆಫೀಸಿನಿಂದ ಬಂದಿದ್ದೇನೆ ಎಂದ.

"ಏರ್ಕಾಡಲ್ಲಿ ಸಾರ್ ಕಾಯ್ತಾವ್ರೆ ಯಜಮಾನ್ರೇ. ವಿಚಾರಣೆಗೆ ಮುಂಚೆ ಒಂದು ಕಿತ ಮಾತಾಡ್ಬೇಕಂತೆ. ಮದ್ಯಾನಕ್ಕೆ ವಾಪಸ್ ಬಿಡ್ತೀವಿ."

ರಾಮಚಂದ್ರಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಮುಖ ಸಡಿಲವಾಯಿತು. "ನಮ್ಮ ಮಾತು ಆಡ್ತೀಯಲ್ಲಪ್ಪ. ಯಾವೂರು?"

ಅವನ ಹೆಂಡತಿ ಮುನಿಲಕ್ಷ್ಮಮ್ಮ ಒಳಗಿನಿಂದ ಬಂದು ಕಾರಿನ ನಂಬರು ನೋಡಿಕೊಂಡಳು.

ಕಾರು ಓಡಿಸಿದ್ದು ಮುತ್ತುಸ್ವಾಮಿ, ನಾಗರಾಜನ್‌ನ ಹಳೆಯ ಡ್ರೈವರ್. ದಾರಿಯುದ್ದಕ್ಕೂ ರಾಮಚಂದ್ರಪ್ಪ ತಿಮ್ಮರಾಜುವಿನ ಊರಿನ ವಿಚಾರ ಕೇಳಿದ. ಈ ಸಲ ರಾಗಿ ಹೇಗಿದೆ, ತಾಯಿ ಇದ್ದಾಳಾ, ಮದುವೆ ಯಾಕೆ ಆಗಿಲ್ಲ. ತಿಮ್ಮರಾಜು ಎಲ್ಲಕ್ಕೂ ನಿಜವನ್ನೇ ಹೇಳಿದ. ಏರ್ಕಾಡು ಬೆಟ್ಟದ ಘಾಟಿಯಲ್ಲಿ ಮಂಜು ಇತ್ತು. ಒಂದು ತಿರುವಿನಲ್ಲಿ ನಾಗರಾಜನ್ ಬೈಕಿಗೆ ಒರಗಿ ನಿಂತಿದ್ದ. ಅವನನ್ನು ಕಂಡ ಕೂಡಲೇ ಮುದುಕನಿಗೆ ಎಲ್ಲ ತಿಳಿದುಹೋಯಿತು. ಕೂಗಲಿಲ್ಲ. ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಿಡಿಸು," ಎಂದ ನಾಗರಾಜನ್.

ತಿಮ್ಮರಾಜು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೂಲು ಉಜ್ಜಿ ಉಜ್ಜಿ ಗಟ್ಟಿಯಾದ ಬೆರಳುಗಳು. ರಾಮಚಂದ್ರಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಹತ್ತನೆಯ ಬೆರಳು ಬಿಟ್ಟ ಮೇಲೆ ನಾಗರಾಜನ್ ಅವನನ್ನು ಕಾರಿನಿಂದ ಎಳೆದು ತಡೆಗೋಡೆಯ ಆಚೆ ದೂಡಿದ. ಕೆಳಗೆ ಏನೂ ಕಾಣಲಿಲ್ಲ. ಬಿದ್ದ ಸದ್ದು ಬರುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಎರಡು ದಿನದ ನಂತರ ಹೆಣ ಸಿಕ್ಕಿತು. ಕಾಲು ಜಾರಿ ಬಿದ್ದಿದ್ದಾನೆ ಎಂದು ಪೊಲೀಸರು ಬರೆದುಕೊಂಡರು. ಮುನಿಲಕ್ಷ್ಮಮ್ಮ ಕಾರಿನ ನಂಬರು ಹೇಳಿದಳು. ಅಂಥ ನಂಬರಿನ ಕಾರೇ ಇಲ್ಲ ಎಂದು ಅವಳನ್ನು ವಾಪಸ್ ಕಳಿಸಿದರು.

ಅಲ್ಲಿಂದ ಮೂರನೆಯ ದಿನ ತಿಮ್ಮರಾಜುವಿನ ಬೆರಳುಗಳು ತಾವಾಗಿ ಆಡಲು ಶುರುಮಾಡಿದವು.

ಸೇಲಂನಿಂದ ಧರ್ಮಪುರಿಗೆ ಹೋಗುವ ದಾರಿಯ ಕಡಯಂಪಟ್ಟಿಯಲ್ಲಿ ಅವನ ಬಾಡಿಗೆ ಕೋಣೆ. ಇಡ್ಲಿ ತಿನ್ನುತ್ತಿದ್ದಾಗ ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಏನನ್ನೋ ಹುಡುಕಿತು, ಸಿಕ್ಕಿದಂತೆ ಎರಡು ಬೆರಳಲ್ಲಿ ಹೊಸೆಯಿತು. ಹರಿದ ಎಳೆಗೆ ಗಂಟು ಹಾಕುವವರ ಹಾಗೆ. ಅವನು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಮರುದಿನ ಬಲಗೈ. ಆಮೇಲೆ ಕಾಲುಗಳು, ಕುರ್ಚಿಯಲ್ಲಿ ಕೂತರೆ ಸಾಕು, ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ತಿಮ್ಮರಾಜು ಹುಟ್ಟಿದಾಗಿನಿಂದ ಮಗ್ಗ ಮುಟ್ಟಿದವನಲ್ಲ. ಡಾಕ್ಟರು ನರದ ತೊಂದರೆ ಎಂದು ಮಾತ್ರೆ ಬರೆದುಕೊಟ್ಟರು.

ರಾಮಚಂದ್ರಪ್ಪ ಸತ್ತ ಹತ್ತನೆಯ ದಿನ ಬೆಳಿಗ್ಗೆ ಮುತ್ತುಸ್ವಾಮಿ ಫೋನ್ ಮಾಡಿದ. ಏರ್ಕಾಡಿನ ಎಸ್ಟೇಟಿನಿಂದ ಯಾರನ್ನೋ ಕರೆತರಲು ಹೊರಟಿದ್ದ. ದನಿ ತಮಿಳಿನಲ್ಲಿ ಪಿಸುಗುಡುತ್ತಿತ್ತು.

"ತಿಮ್ಮಾ, ಕಾರಿಗೆ ನಾನೊಬ್ಬನೇ ತಾನೇ ಹತ್ತಿದ್ದು?"

"ನಂಗೆ ಹೇಗೆ ಗೊತ್ತಾಗುತ್ತೆ? ಏನಾಯ್ತು?"

"ಹಿಂದೆ ಯಾರೋ ಕೂತಿದ್ದಾರೆ. ಕನ್ನಡಿಯಲ್ಲಿ ಕಾಣಲ್ಲ. ತಿರುಗಿದರೆ ಕಾಣುತ್ತೆ."

"ಗಾಡಿ ನಿಲ್ಲಿಸು."

"ನಿಲ್ಲಿಸ್ತಾ ಇದ್ದೀನಿ. ಬ್ರೇಕ್ ಮೇಲೆ ಇನ್ನೊಂದು ಕಾಲು ಇದೆ, ತಿಮ್ಮಾ. ನನ್ನ ಕಾಲಿನ ಮೇಲೇ ಇದೆ." ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ ಕೇಳಿತು. "ಊರು ಯಾವುದು ಅಂತ ಕೇಳ್ತಿದ್ದಾನೆ. ನಂಗೆ ಕನ್ನಡ ಬರಲ್ವಲ್ಲ, ಆದರೂ ಅರ್ಥ ಆಗ್ತಿದೆ."

ಫೋನು ಕಟ್ ಆಗಲಿಲ್ಲ. ಗಾಳಿಯ ಸದ್ದು ಬಂತು. ಅದು ಎಷ್ಟು ಹೊತ್ತು ಬಂತು ಎಂಬುದನ್ನು ತಿಮ್ಮರಾಜು ಆಮೇಲೆ ಯಾರಿಗೂ ಹೇಳಲಿಲ್ಲ. ಅದೇ ತಿರುವಿನಿಂದ ಕಾರು ಕೆಳಗೆ ಹೋಗಿತ್ತು.

ನಾಗರಾಜನ್ ಹೆದರಲಿಲ್ಲ. "ಕುಡಿದಿದ್ದ," ಎಂದ. ಶುಕ್ರವಾರ ಕೋರ್ಟಿನಲ್ಲಿ ತಿಮ್ಮರಾಜು ಅವನ ಪರವಾಗಿ ಸಾಕ್ಷಿ ಹೇಳಬೇಕಿತ್ತು. ಮೇಷ್ಟರ ಕೊಲೆಯಾದ ದಿನ ನಾಗರಾಜನ್ ಮಾರಂಡಹಳ್ಳಿಯಲ್ಲಿ ತಿಮ್ಮರಾಜುವಿನ ಮನೆಯಲ್ಲೇ ಇದ್ದ ಎನ್ನಬೇಕು, ಅಷ್ಟೇ. "ಬೇರೆ ಸಾಕ್ಷಿ ಇಲ್ಲ ಈಗ," ಎಂದು ಅವನ ಭುಜ ತಟ್ಟಿದ.

ಬುಧವಾರ ತಿಮ್ಮರಾಜು ಊರಿಗೆ ಓಡಿಹೋಗುವುದೆಂದು ಧರ್ಮಪುರಿಯ ಬಸ್ಸಿಗೆ ಹೊರಟ. ರಸ್ತೆ ದಾಟಿ, ಎದುರು ದಿಕ್ಕಿನ ಸೇಲಂ ಬಸ್ಸು ಹತ್ತಿದ. ಹತ್ತಿದ್ದು ಅವನ ಕಾಲುಗಳು. ಇಳಿಯಬೇಕೆಂದು ಎರಡು ಸಲ ಎದ್ದ, ಎರಡು ಸಲವೂ ಮೊಣಕಾಲು ಮಡಚಿ ಅವನನ್ನು ಕೂರಿಸಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಅವನು ಗುಗೈ ಬೀದಿಯ ಆ ಮನೆಯ ಬಾಗಿಲಲ್ಲಿ ನಿಂತಿದ್ದ.

ಬಾಗಿಲು ತೆರೆದೇ ಇತ್ತು. ಅವನು ತಲೆ ಬಗ್ಗಿಸಿ ಒಳಗೆ ಹೋದ. ಆ ಬಾಗಿಲು ತಗ್ಗು ಎಂದು ಅವನಿಗೆ ಮೊದಲೇ ಗೊತ್ತಿದ್ದಂತೆ. ನೇರವಾಗಿ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತ, ಲಾಳಿ ಎತ್ತಿಕೊಂಡ.

ಮಗ್ಗದ ಸದ್ದಿಗೆ ಮುನಿಲಕ್ಷ್ಮಮ್ಮ ಅಡುಗೆಮನೆಯಿಂದ ಓಡಿ ಬಂದಳು. ಹನ್ನೆರಡು ದಿನದಿಂದ ಯಾರೂ ಮುಟ್ಟದ ಮಗ್ಗ. ಕೂತವನನ್ನು ನೋಡಿ ಅವಳಿಗೆ ಗುರುತು ಹತ್ತಿತು.

"ನೀನೇ ಅಲ್ವೇನೋ ಕಾರು ತಂದೋನು?"

ತಿಮ್ಮರಾಜು ಉತ್ತರಿಸಲು ಬಾಯಿ ತೆರೆದ. ಬಂದದ್ದು ಅವನ ದನಿಯಲ್ಲ.

"ಮುನೀ, ಸಕ್ಕರೆ ಮಾತ್ರೆ ನುಂಗ್ದಾ?"

ಅವಳು ಕಂಬ ಹಿಡಿದುಕೊಂಡಳು. ಕೂತವನ ಮುಖ ಬೇರೆ, ಮೈ ಬೇರೆ. ಆದರೆ ಮೂರು ಎಳೆಗೊಮ್ಮೆ ಹಲಗೆಯನ್ನು ಎರಡು ಸಲ ಬಡಿಯುವ ಆ ವರಸೆಯನ್ನು ಅವಳು ನಲವತ್ತು ವರ್ಷ ಕೇಳಿದ್ದಳು.

"ಇಲ್ಲ," ಎಂದಳು. "ನುಂಗಿಲ್ಲ."

"ನುಂಗು. ಉಂಡ್ಬುಟ್ಟು ನುಂಗು. ಸುಕ್ರವಾರ ನಾನು ಕೋರ್ಟ್‌ಗೆ ಓಗ್ಬೇಕು, ನೀನೂ ಬಾ."

ಕೈಗಳು ನಿಂತವು. ತಿಮ್ಮರಾಜು ಗುಂಡಿಯಲ್ಲೇ ಕುಸಿದು ತನ್ನ ದನಿಯಲ್ಲಿ ಅಳತೊಡಗಿದ. ಮುನಿಲಕ್ಷ್ಮಮ್ಮ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಯೋಳು. ಅವ್ರಿಗೆ ಏನ್ ಮಾಡಿದ್ರಿ?"

ಅವನು ಹೇಳಿದ. ಮಂಜು, ಬೈಕು, ಬಾಗಿಲು, ಬೆರಳುಗಳು. ಬೆರಳಿನ ಮಾತು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಏನಾದ್ರೂ ಅಂದ್ರಾ?"

"ಇಲ್ಲಮ್ಮ. ನನ್ನ ಮೊಕ ನೋಡ್ತಾನೇ ಇದ್ರು."

ಬೀದಿಯಲ್ಲಿ ಯಾರೋ ಹೂವು ಮಾರಿಕೊಂಡು ಹೋದರು.

"ನಿನ್ನ ಮನ್ನಿಸೋಕೆ ನನ್ನ ಕೈಲಾಗಲ್ಲ," ಎಂದಳು. "ಕೇಳ್ಲೂ ಬೇಡ. ಅವ್ರು ಮಾತಾಡ್ಬೇಕು ಅಂತಾವ್ರೆ. ಅಡ್ಡ ಬರ್ಬೇಡ. ಅಷ್ಟು ಮಾಡು, ಸಾಕು." ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

ಅಷ್ಟು ಮಾಡುವುದಕ್ಕೂ ತಿಮ್ಮರಾಜುವಿಗೆ ಧೈರ್ಯ ಸಾಲಲಿಲ್ಲ. ಶುಕ್ರವಾರ ನಾಗರಾಜನ್ ತಾನೇ ಕಡಯಂಪಟ್ಟಿಗೆ ಬಂದು ಅವನನ್ನು ಕಾರಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡ. ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ನಿನ್ನ ತಾಯಿ ದಿನಾ ಬೆಳಿಗ್ಗೆ ಒಬ್ಬಳೇ ತೋಟಕ್ಕೆ ಹೋಗ್ತಾಳಂತೆ," ಎಂದ ಮೆಲ್ಲಗೆ. ತಿಮ್ಮರಾಜು ಸುಳ್ಳು ಹೇಳುವುದೆಂದು ನಿರ್ಧರಿಸಿದ.

ಕೋರ್ಟು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಮುನಿಲಕ್ಷ್ಮಮ್ಮ ಕೂತಿದ್ದಳು. ಸರ್ಕಾರಿ ವಕೀಲರ ಪಕ್ಕದಲ್ಲಿ ಅವರ ಜೂನಿಯರ್ ಅರ್ಚನಾ ಇದ್ದಳು. ಅವಳೂ ಸೇಲಂನ ಕನ್ನಡದ ನೇಕಾರರ ಮನೆಯ ಹುಡುಗಿ, ರಾಮಚಂದ್ರಪ್ಪ ಏನೇನು ನೋಡಿದ್ದ ಎಂಬುದನ್ನು ಅವನ ಬಾಯಿಂದಲೇ ಕೇಳಿದವಳು.

ತಿಮ್ಮರಾಜು ಕಟಕಟೆ ಹತ್ತಿ ತಮಿಳಿನಲ್ಲಿ ಆರಂಭಿಸಿದ. ಆ ದಿನ ನಮ್ಮ ಮನೆಯಲ್ಲಿ ಪೂಜೆ ಇತ್ತು. ನಾಗರಾಜನ್ ಅಣ್ಣ ಹಿಂದಿನ ಸಂಜೆಯೇ ಬಂದಿದ್ದರು. ಮೂರನೆಯ ವಾಕ್ಯ ಬಾಯಿಗೆ ಬರಲಿಲ್ಲ. ನೀರು ಕುಡಿದ. ಗ್ಲಾಸು ಕೆಳಗಿಟ್ಟ ಕೈ ಗಾಳಿಯಲ್ಲಿ ಎಳೆಯೊಂದನ್ನು ಹೊಸೆಯಿತು.

"ನಾನು ನೂಲು ತಕ್ಕೊಂಡು ಬತ್ತಾ ಇದ್ದೆ ಸ್ವಾಮಿ. ಟೀ ಅಂಗ್ಡಿ ತಾವ ನಿಂತೆ."

ಅರ್ಚನಾ ಬರೆಯುತ್ತಿದ್ದ ಪೆನ್ನು ನಿಂತಿತು.

ನ್ಯಾಯಾಧೀಶರು ತಲೆಯೆತ್ತಿದರು. "ತಮಿಳ್‌ಲ ಸೊಲ್ಲುಂಗ," ಎಂದರು. ದನಿ ಕನ್ನಡದಲ್ಲೇ ಮುಂದುವರಿಯಿತು. ಇದು ಯಾರಿಗಾದರೂ ಅರ್ಥವಾಗುತ್ತದೆಯೇ ಎಂದು ಅವರು ಕೇಳಿದಾಗ ಅರ್ಚನಾ ಎದ್ದು ನಿಂತಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಸಾಕ್ಷಿಯ ಹೆಸರು ಕೇಳಿ ಎಂದರು ನ್ಯಾಯಾಧೀಶರು. ಅವಳು ಕನ್ನಡದಲ್ಲಿ ಕೇಳಿದಳು.

"ರಾಮಚಂದ್ರಪ್ಪ. ನಮ್ಮಪ್ಪನ ಹೆಸರು ಕೃಷ್ಣಪ್ಪ. ಗುಗೈ."

ಅರ್ಚನಾ ಅದನ್ನು ತಮಿಳಿಗೆ ತಿರುಗಿಸಿದಳು.

"ಮೇಷ್ಟ್ರು ಟೀ ಗ್ಲಾಸು ಇಡ್ಕೊಂಡು ಪೇಪರ್ ಓದ್ತಾ ಇದ್ರು. ಈ ಮನ್ಸ ಇಂದ್ಗಡೆಯಿಂದ ಬಂದ. ಕತ್ತೀನ ಟವಲ್ಲಲ್ಲಿ ಸುತ್ತಿದ್ದ. ಮೇಷ್ಟ್ರು ಕನ್ನಡ್ಕ ಬಿದ್ದೋಯ್ತು. ಅದನ್ನ ಎತ್ಕೊಳಕ್ಕೆ ಬಗ್ಗಿದ್ರು ಸ್ವಾಮಿ, ಆವಾಗ ಒಡ್ದ."

ನಾಗರಾಜನ್‌ನ ವಕೀಲರು ಎದ್ದು, ಇದು ನಾಟಕ, ಸಾಕ್ಷಿಯನ್ನು ಯಾರೋ ಕೊಂಡುಕೊಂಡಿದ್ದಾರೆ ಎಂದರು. ನ್ಯಾಯಾಧೀಶರು ಸಾಕ್ಷಿಯನ್ನು ಇಳಿಸಲು ಹೇಳಿದರು. ಇಬ್ಬರು ಪೊಲೀಸರು ಮುಂದೆ ಬಂದರು. ಆಗ ಆರೋಪಿಯ ಜಾಗದಲ್ಲಿ ನಿಂತಿದ್ದ ನಾಗರಾಜನ್ ಕೈಯೆತ್ತಿ, ಅದು ಪೊಯ್ ಎಂದು ತಮಿಳಿನಲ್ಲಿ ಕೂಗಲು ಬಾಯಿ ತೆರೆದ.

"ಸುಳ್ಳು," ಎಂಬ ಕನ್ನಡದ ಮಾತು ಬಂತು. ಅವನೇ ಅದನ್ನು ಕೇಳಿ ಬೆಚ್ಚಿದ. ಎಂಟು ವರ್ಷ ಕನ್ನಡದ ಒಂದು ಮಾತಿಗೂ ತಿಮ್ಮರಾಜುವನ್ನೇ ಕರೆಯುತ್ತಿದ್ದವನು ಅವನು. "ಸುಳ್ಳು. ಒಂದೇಟಲ್ಲ. ಮೂರೇಟು ಒಡ್ದೆ. ಕತ್ತಿ ತಕ್ಕೊಂಡೋಗಿ ಕೆರೆ ತಾವಿರೋ ಬಾವೀಲಿ ಆಕ್ದೆ." ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮಾತು ಬೆರಳ ಸಂದಿಯಿಂದ ಬರುತ್ತಲೇ ಇತ್ತು. "ಆ ಮುದುಕುನ್ನೂ ನಾನೇ ನೂಕ್ದೆ. ನಾನೇ ನೂಕ್ದೆ."

ಅರ್ಚನಾ ಒಂದೊಂದೇ ವಾಕ್ಯವನ್ನು ತಮಿಳಿನಲ್ಲಿ ಹೇಳುತ್ತಾ ಹೋದಳು. ಒಂದು ಮಾತನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಮುನಿಲಕ್ಷ್ಮಮ್ಮ ಎದ್ದು ನಿಂತಿದ್ದಳು. ತಿಮ್ಮರಾಜುವಿನ ಮೈಯಿಂದ ಏನೋ ಭಾರ ಇಳಿದಂತಾಗಿ ಅವನು ಕಟಕಟೆಯ ಮರ ಹಿಡಿದು ಕೂತುಬಿಟ್ಟ.

ಸತ್ತವರ ಮಾತನ್ನು ಕೋರ್ಟು ಬರೆದುಕೊಳ್ಳುವುದಿಲ್ಲ. ಆದರೆ ಅದೇ ಮಧ್ಯಾಹ್ನ ತಿಮ್ಮರಾಜು ತನ್ನ ಹೆಸರಲ್ಲಿ, ತನ್ನ ದನಿಯಲ್ಲಿ, ಎಲ್ಲವನ್ನೂ ತಮಿಳಿನಲ್ಲಿ ಹೇಳಿದ. ತನ್ನ ತಾಯಿಗೆ ಕಾವಲು ಬೇಕೆಂದು ಕೇಳಿಕೊಂಡ, ಬೇರೇನೂ ಕೇಳಲಿಲ್ಲ. ಪೊಲೀಸರಿಗೆ ಘಾಟಿಯ ತಿರುವು ತೋರಿಸಿದ. ಬಾವಿಗೆ ಇಳಿದವರಿಗೆ ಕತ್ತಿ ಸಿಕ್ಕಿತು. ಎರಡೂ ಕೊಲೆಗೆ ನಾಗರಾಜನ್‌ಗೆ ಜೀವಾವಧಿಯಾಯಿತು, ತಿಮ್ಮರಾಜುವಿಗೆ ಹತ್ತು ವರ್ಷ. ಅವನ ಕೈಗಳು ಮತ್ತೆ ಅಲುಗಲಿಲ್ಲ.

ನಾಗರಾಜನ್‌ಗೆ ತಮಿಳು ವಾಪಸ್ ಬರಲಿಲ್ಲ. ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಆಗುತ್ತಿರಲಿಲ್ಲ. ಬರೆಯಲು ಕೂತರೆ ಕೈ ಬರಿಯ ಗೆರೆ ಎಳೆಯುತ್ತಿತ್ತು. ನೀರು ಬೇಕೆಂದರೂ ಕನ್ನಡ, ಹೊಟ್ಟೆ ನೋವೆಂದರೂ ಕನ್ನಡ. ಜೈಲಿನಲ್ಲಿ ಎಲ್ಲರೂ ನಟನೆ ಎಂದುಕೊಂಡರು. ಐದು ತಿಂಗಳ ಮೇಲೆ ಜೈಲರ್ ತಿಮ್ಮರಾಜುವನ್ನು ಭೇಟಿಯ ಕೋಣೆಗೆ ಕರೆಸಿದ. ಜಾಲರಿಯ ಆಚೆ ನಾಗರಾಜನ್‌ನ ಹೆಂಡತಿ ಇಂದುಜಾ ಕೂತಿದ್ದಳು. ನಾಗರಾಜನ್ ಒಂದೇ ಸಮನೆ ಮಾತಾಡುತ್ತಿದ್ದ. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು.

"ಏನಂತಾರೆ?" ಎಂದು ತಮಿಳಿನಲ್ಲಿ ಕೇಳಿದಳು.

ತಿಮ್ಮರಾಜು ಕೇಳಿಸಿಕೊಂಡು ತಮಿಳಿಗೆ ತಿರುಗಿಸಿದ. "ಒಳಗಡೆ ಇರೋದು ನಾನೇ ಅಂತಾರೆ. ನಂಬು ಅಂತಾರೆ. ಬರೋದು ಬಿಡಬೇಡ ಅಂತ ಕೇಳ್ಕೋತಾರೆ."

ಇಂದುಜಾ ಗಂಡನನ್ನು ನೋಡಿದಳು, ತಿಮ್ಮರಾಜುವನ್ನು ನೋಡಿದಳು.

"ಅವರು ಹೇಳಿದ್ದೇ ಹೇಳ್ತಿದ್ದೀಯಾ, ನೀನೇ ಕಟ್ಟಿ ಹೇಳ್ತಿದ್ದೀಯಾ?"

"ಅವರು ಹೇಳಿದ್ದೇ ಅಕ್ಕ," ಎಂದ ತಿಮ್ಮರಾಜು.

ಅವಳು ಸೀರೆಯ ಸೆರಗು ಸರಿಮಾಡಿಕೊಂಡು ಎದ್ದಳು. ನಾಗರಾಜನ್ ಜಾಲರಿಗೆ ಎರಡೂ ಕೈ ಕೊಟ್ಟು ಅವಳ ಹಿಂದೆ ಕೂಗಿದ. ಅವಳು ಬಾಗಿಲ ಹತ್ತಿರ ನಿಂತು ಒಂದು ಗಳಿಗೆ ಆಲಿಸಿದಳು, ಅರ್ಥವಾಗದೆ ಹೊರಟುಹೋದಳು. ಮುಂದಿನ ತಿಂಗಳು ಅವಳು ಬರಲಿಲ್ಲ.