ಕಿನುಕೊಳ ಹಣೆಬಟ್ಟೆ

ತಾಮಯೆ ದಾರದ ಗಂಟು ಬಿಗಿಯುತ್ತಿದ್ದಳು. ಅಷ್ಟರಲ್ಲಿ ಇವಾವೊ ಕೈ ಚಾಚಿ ಸತ್ತ ತಂಗಿ ಕಿನುಕೊಳ ಹಣೆಯ ಮೇಲಿಂದ ಆ ಬಟ್ಟೆಯನ್ನು ಕಿತ್ತುಕೊಂಡ.

“ಬೇಡ ಅಂದೆನಲ್ಲ, ತಾಮಯೆ-ಸಾನ್. ಕಾಲ ಹತ್ತಿರ ಇಟ್ಟರೆ ಸಾಕು.”

“ಕೊಡಿ ಇಲ್ಲಿ. ಹಣೆಗೆ ಕಟ್ಟು ಅಂದಿದಾಳೆ ಕಿನುಕೊ, ಕಾಲಿಗಲ್ಲ.”

ಅಂಗೈಯಗಲದ ಬಿಳಿ ಬಟ್ಟೆ, ಮೂರು ಮೂಲೆ, ಎರಡು ಕಡೆ ದಾರ. ಕಿನುಕೊ ಪೆಟ್ಟಿಗೆಯಲ್ಲಿ ಬಿಳಿ ಉಡುಪು ತೊಟ್ಟು ಮಲಗಿದ್ದಳು. ಎಪ್ಪತ್ತು ವರ್ಷದ ಮುಖ, ಈಗ ಒಂದು ಹಿಡಿಯಷ್ಟಾಗಿತ್ತು. ಪಕ್ಕದ ದೊಡ್ಡ ಕೋಣೆಯಲ್ಲಿ ಊದುಬತ್ತಿಯ ಹೊಗೆ, ನೆಂಟರ ಪಿಸುಮಾತು. ಇನ್ನೊಂದು ಗಂಟೆಗೆ ಪೆಟ್ಟಿಗೆ ಸುಡುವ ಮನೆಗೆ ಹೊರಡಬೇಕು.

ಹೆಣ ಅಣಿಗೊಳಿಸುವವನು ಬಾಚಣಿಗೆ ಒರೆಸುತ್ತ, ಇಬ್ಬರ ಮುಖವನ್ನೂ ನೋಡದೆ ಹೇಳಿದ: “ನಮ್ಮಪ್ಪನ ಕಾಲದಲ್ಲಿ ಎಲ್ಲರಿಗೂ ಕಟ್ತಿದ್ರು. ಆಚೆ ಲೋಕದ ದೊರೆ ಮುಂದೆ ಬರಿದಲೆಯಲ್ಲಿ ನಿಲ್ಲಬಾರದು ಅಂತ. ಟೀವಿ ಕಾರ್ಟೂನಲ್ಲಿ ದೆವ್ವಗಳ ಹಣೆಗೆ ಇದು ಬಂತು ನೋಡಿ, ಆಮೇಲೆ ಜನ ಬೇಡ ಅನ್ನೋಕೆ ಶುರು ಮಾಡಿದ್ರು.”

“ಆ ದೆವ್ವಗಳಿಗೆ ಬಣ್ಣ ಹಾಕಿದವಳೇ ಇವಳು,” ಎಂದ ಇವಾವೊ. “ಊರವರೆಲ್ಲ ಬಂದು ಮುಖ ನೋಡ್ತಾರೆ. ಇದನ್ನ ಕಟ್ಕೊಂಡು ಮಲಗಿದ್ರೆ ಏನಂತಾರೆ? ನಾನು ಅಂಗಡೀಲಿ ಒಣಮೀನು ಕಟ್ಟಿಕೊಡ್ತಾ ಇದ್ರೆ, ‘ಏನ್ರೀ ದೆವ್ವದಣ್ಣ, ತಂಗಿ ಹೇಗಿದಾಳೆ’ ಅಂತ ಕೇಳೋರು. ನಿಮಗೇನು, ಸಂಜೆ ರೈಲು ಹತ್ತಿ ತೋಕಿಯೊಗೆ ಹೋಗ್ತೀರಿ. ನಾನು ಇಲ್ಲೇ ಸಾಯಬೇಕು.”

“ಅದಕ್ಕೇ ಏನು, ಅವಳು ಆ ಕೆಲಸ ಬಿಟ್ಟು ಕಾಗದದ ಕಂಪನಿಯಲ್ಲಿ ಗುಮಾಸ್ತೆ ಆದಳು ಅಂತ ಎಲ್ಲರಿಗೂ ಹೇಳಿದ್ದು? ಅರ್ಚಕರೂ ಬೆಳಿಗ್ಗೆ ಅವಳ ಬಗ್ಗೆ ಅದನ್ನೇ ಓದಿದ್ರು.”

ಇವಾವೊ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

*

ತೋಕಿಯೊದ ಕಾರ್ಟೂನ್ ಚಿತ್ರ ತಯಾರಿಸುವ ಕಂಪನಿಯಲ್ಲಿ ತಾಮಯೆ, ಕಿನುಕೊ ಇಬ್ಬರ ಮೇಜುಗಳು ಮೂವತ್ತಾರು ವರ್ಷ ಅಕ್ಕಪಕ್ಕದಲ್ಲಿದ್ದವು. ಅವರ ‘ಹೊಳೆಯಾಚೆಯ ನೆರೆಯವರು’ ಟೀವಿಯಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿತ್ತು. ಹೊಳೆಯ ಈಚೆ ಮನುಷ್ಯರು; ಆಚೆ, ನೆತ್ತಿಯ ಮೇಲೆ ನೀರಿನ ತಟ್ಟೆ ಹೊತ್ತ ಮಡುವಿನ ಭೂತ, ಒಂಟಿಕಾಲಲ್ಲಿ ಕುಪ್ಪಳಿಸುವ ಹಳೇ ಕೊಡೆ, ಹಣೆಬಟ್ಟೆ ಕಟ್ಟಿದ ದೆವ್ವಗಳು. ವಾರಕ್ಕೊಂದು ಜಗಳ, ವಾರಕ್ಕೊಂದು ರಾಜಿ. ಪೆನ್ಸಿಲ್ ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆ ತೆಗೆಯಬೇಕು, ಆಮೇಲೆ ಹಾಳೆ ಮಗುಚಿ ಬೆನ್ನಿನ ಕಡೆಯಿಂದ ಬಣ್ಣ ತುಂಬಬೇಕು. ದಿನಕ್ಕೆ ನಲವತ್ತು ಹಾಳೆ. ಕಣ್ಣು ಉರಿದು ನೀರು ಬಂದರೆ ಮುಖ ಪಕ್ಕಕ್ಕೆ ತಿರುಗಿಸಬೇಕು. ಹಾಳೆಯ ಮೇಲೆ ಬೀಳಬಾರದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಿನುಕೊ ಒಂದು ತಪ್ಪು ಮಾಡಿದಳು. ಸೇತುವೆ ದಾಟುವ ಪುಟ್ಟ ಹುಡುಗಿಯ ಪೆನ್ಸಿಲ್ ಚಿತ್ರಗಳನ್ನೇ ಮಗುಚಿಟ್ಟು ಗೆರೆ ತೆಗೆದುಬಿಟ್ಟಳು. ಎಡ ಬಲವಾಯಿತು. ಹುಡುಗಿಯ ಕಿಮೊನೊ ನಿಲುವಂಗಿಯಲ್ಲಿ ಎಡ ಅಂಚಿನ ಮೇಲೆ ಬಲ ಅಂಚು ಬಂತು. ಹಾಗೆ ಉಡಿಸುವುದು ಸತ್ತವರಿಗೆ ಮಾತ್ರ. ಯಾರೂ ಗಮನಿಸದೆ ಅದು ಹಾಗೇ ಭಾನುವಾರ ಬಂದುಹೋಯಿತು. ಮಂಗಳವಾರದಿಂದ ಅಜ್ಜಿಯರ ಪತ್ರಗಳು ಬರತೊಡಗಿದವು. ‘ಆ ಮಗುವನ್ನು ಯಾಕೆ ಕೊಂದಿರಿ?’ ‘ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು, ನನ್ನ ಕೈಕಾಲು ತಣ್ಣಗಾಯಿತು.’

ಮೇಲಿನವರು ಅವಳನ್ನು ಎಲ್ಲರೆದುರು ನಿಲ್ಲಿಸಿದರು. “ಕ್ಷಮಾಪಣೆ ಬರೆದುಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಕಿನುಕೊ ಕೈ ಒರೆಸಿಕೊಂಡಳು. “ಬರೆಯಲ್ಲ ಸಾರ್. ಮಗು ಸೇತುವೆ ಮಧ್ಯದಲ್ಲಿತ್ತು. ಅಲ್ಲಿಗೆ ಬಂದವರು ಅರ್ಧ ಆಚೆಯವರೇ ಅಲ್ವಾ? ಉಡುಪು ತಿರುಗದೇ ಇದ್ರೆ ಆ ಕೊಡೆ, ಆ ದೆವ್ವಗಳು ಅವಳನ್ನ ಹತ್ತಿರ ಸೇರಿಸ್ತಿದ್ವಾ?”

ಮೂಲೆಯಲ್ಲಿದ್ದ ಕತೆ ಬರೆಯುವ ಮುದುಕ ನಿಧಾನವಾಗಿ ಪೆನ್ಸಿಲ್ ಎತ್ತಿ ಏನೋ ಗುರುತು ಹಾಕಿಕೊಂಡ. ಅಲ್ಲಿಂದ ಮುಂದೆ, ಸೇತುವೆ ದಾಟುವ ಪ್ರತಿ ಮನುಷ್ಯನ ಉಡುಪೂ ಸರಿಯಾಗಿ ನಡುಮಧ್ಯದಲ್ಲಿ ತಿರುಗತೊಡಗಿತು. ಮಕ್ಕಳು ಆ ಕ್ಷಣಕ್ಕೇ ಕಾಯುತ್ತಿದ್ದರು.

ಅದು ತಪ್ಪು ಎಂದು ಗೊತ್ತಿದ್ದದ್ದು ತಾಮಯೆಗೊಬ್ಬಳಿಗೇ. ಅವತ್ತು ಬುತ್ತಿ ಬಿಚ್ಚುವಾಗ ಕೇಳಿದಳು: “ನಿಜ ಹೇಳು, ನಿದ್ದೆಗಣ್ಣಲ್ಲಿ ಮಗುಚಿಟ್ಟೆ ತಾನೇ?”

“ಇಟ್ಟೆ,” ಎಂದಳು ಕಿನುಕೊ, ಉಪ್ಪಿನಕಾಯಿ ಕಡಿಯುತ್ತ. “ಆದ್ರೆ ಹಾಗೆ ತಲೆ ತಗ್ಗಿಸೋಕೆ ನಾನು ಈ ಕೆಲಸಕ್ಕೆ ಬಂದಿಲ್ಲ. ತಲೆ ತಗ್ಗಿಸೋದಿದ್ರೆ ಊರಲ್ಲೇ ಇದ್ದು, ಅಣ್ಣ ನೋಡಿದ ಆ ಬಲೆ ವ್ಯಾಪಾರಿಯನ್ನ ಮದುವೆ ಆಗ್ತಿದ್ದೆ.”

*

ಹೋದ ತಿಂಗಳು ಆಸ್ಪತ್ರೆಯ ಕಿಟಕಿಯಲ್ಲಿ ಬಿಸಿಲಿತ್ತು. ಕಿನುಕೊಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆದರೂ ಮಾತು ನಿಲ್ಲಿಸುವವಳಲ್ಲ.

“ಅಣ್ಣ ನನ್ನನ್ನ ಊರಿಗೆ ತಗೊಂಡು ಹೋಗ್ತಾನೆ. ಹೋಗಲಿ, ಅಪ್ಪ ಅಮ್ಮನ ಪಕ್ಕ ಇಡ್ತಾನೆ. ಅಲ್ಲಿ ನನ್ನನ್ನ ಯಾರೋ ಗುಮಾಸ್ತೆ ಮಾಡಿ ಕಳಿಸಿಬಿಡ್ತಾನೆ, ನೋಡ್ತಿರು. ನೀನು ಬಂದು ಹಣೆಬಟ್ಟೆ ಕಟ್ಟು. ಎಷ್ಟು ಸಾವಿರ ಹಣೆಗೆ ಆ ಬಿಳಿ ತುಂಬಿದೀನಿ ನಾನು. ನನ್ನ ಹಣೆ ಮಾತ್ರ ಬರಿದು ಇರೋದಾ? ಊರವರು ನಗ್ತಾರೆ, ನಗಲಿ. ಹದಿನೆಂಟಕ್ಕೆ ಬಸ್ ಹತ್ತಿದಾಗಲೂ ನಕ್ಕಿದ್ರು.”

“ನಿಮ್ಮಣ್ಣ ಬಿಡದೇ ಇದ್ರೆ?”

“ನಿನ್ನ ಮಂಡಿ ನೋವು ಇದೆಯಲ್ಲ. ಕೂತರೆ ಏಳೋಕೆ ಆಗಲ್ಲ. ಕೂತ್ಕೊಂಡು ಬಿಡು.”

*

ತಾಮಯೆ ಹಾಗೇ ಮಾಡಿದಳು. ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂತು, ಅದರ ಅಂಚಿನ ಮೇಲೆ ಎರಡೂ ಕೈ ಇಟ್ಟಳು.

“ಮುಚ್ಚಳ ಹಾಕಬೇಕು, ಕೈ ತೆಗೀರಿ,” ಎಂದ ಇವಾವೊ.

“ಬಟ್ಟೆ ಕೊಡಿ, ತೆಗೀತೀನಿ.”

“ಕೆಳಗೆ ಬಂದರಲ್ಲಿ ಗಾಡಿ ಕಾಯ್ತಿದೆ.”

“ಕಾಯಲಿ. ನಾನು ಬಣ್ಣ ಒಣಗೋಕೆ ಕಾದು ಮುದುಕಿಯಾದವಳು. ನನಗಿಂತ ಹೆಚ್ಚು ಹೊತ್ತು ಕಾಯ್ತೀರಾ?”

ಹೆಣ ಅಣಿಗೊಳಿಸುವವನು ಕೆಮ್ಮಿನಲ್ಲಿ ನಗೆ ಮುಚ್ಚಿಕೊಂಡ. ಹತ್ತು ನಿಮಿಷ ಕಳೆಯಿತು. ನೆಂಟರು ಬಾಗಿಲಲ್ಲಿ ಇಣುಕಿ ಹೋದರು. ಇವಾವೊ ಗಡಿಯಾರ ನೋಡಿದ, ತಂಗಿಯನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಕೊನೆಗೆ ಬಟ್ಟೆಯನ್ನು ತಾಮಯೆಯ ಮಡಿಲಿಗೆ ಎಸೆದ.

“ಕಟ್ಟಿ! ಆದ್ರೆ ಮುಚ್ಚಳದಲ್ಲಿರೋ ಮುಖದ ಕಿಟಕಿ ಮುಚ್ಚೇ ಇರತ್ತೆ. ಯಾರಿಗೂ ತೋರಿಸಲ್ಲ.”

ತಾಮಯೆ ಕಟ್ಟಿದಳು. ಚೂಪು ತುದಿ ಮೇಲಕ್ಕೆ ನೆಟ್ಟಗೆ ನಿಲ್ಲುವಂತೆ ಬೆರಳಿಂದ ತೀಡಿದಳು. ಮುಚ್ಚಳ ಬಂತು. ಮುಖದ ಮೇಲಿನ ಕಿಟಕಿಯ ಎರಡು ಪುಟ್ಟ ಬಾಗಿಲನ್ನು ಇವಾವೊ ತಾನೇ ಒತ್ತಿ ಮುಚ್ಚಿದ. ಬಟ್ಟೆ ಹಣೆಗೆ ಬಂತು, ಜನರ ಕಣ್ಣಿಗೆ ಬೀಳಲಿಲ್ಲ. ಅರ್ಧ ಗೆದ್ದೆ ಎಂದುಕೊಂಡು ತಾಮಯೆ ಗೋಡೆ ಹಿಡಿದು ಎದ್ದಳು.

ದೊಡ್ಡ ಕೋಣೆಯಲ್ಲಿ ಜನ ಸಾಲಾಗಿ ಬಂದು ತಲೆ ಬಾಗಿಸಿ ಹೋದರು. ಬೀದಿ ಸಂಘದ ಮುಖ್ಯಸ್ಥ ನಿರಾಸಾವಾ ಮಾತ್ರ ಪೆಟ್ಟಿಗೆಯ ಬಳಿ ನಿಂತ.

“ಇದ್ಯಾಕೆ ಮುಚ್ಚಿದೀರಿ, ಇವಾವೊ-ಸಾನ್? ಶಾಲೇಲಿ ಕಿನುಕೊ, ನಾನು ಒಂದೇ ತರಗತಿ. ಕೊನೇ ಸಲ ಮುಖ ನೋಡಬೇಡವಾ?” ಎನ್ನುತ್ತಲೇ ಕಿಟಕಿ ತೆರೆದುಬಿಟ್ಟ. ಬಗ್ಗಿದ. ಅವನ ಹುಬ್ಬು ಮೇಲೇರಿತು.

“ಅಯ್ಯಯ್ಯೋ! ಕಾಗದದ ಕಂಪನಿ ಅಂದ್ರಿ! ಕೊನೆಗೆ ತಾನೂ ಸೇರ್ಕೊಂಡ್ಲಲ್ಲ ಆ ಗುಂಪಿಗೆ!”

ಹಿಂದಿದ್ದ ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಭುಜಗಳು ಕುಲುಕಿದವು. ತಾಮಯೆ ಒಂದು ಹೆಜ್ಜೆ ಮುಂದಿಟ್ಟಳು. ಅವಳಿಗಿಂತ ಮೊದಲು ಇವಾವೊ ಅಲ್ಲಿದ್ದ.

“ನಿರಾಸಾವಾ-ಸಾನ್, ನಿಮಗೆ ಮೂರು ಮಕ್ಕಳು. ಭಾನುವಾರ ಒಂಬತ್ತು ಗಂಟೆಗೆ ಎಲ್ಲಿರ್ತಿದ್ರು?”

“ಎಲ್ಲಿ ಅಂದ್ರೆ... ಟೀವಿ ಮುಂದೆ.”

“ನೀವು?”

“ಮಕ್ಕಳ ಜೊತೆ ಒಂದೊಂದು ಸಲ...”

“ಒಂದೊಂದು ಸಲ! ಆ ಹೊತ್ತಿಗೆ ಅಂಗಡಿಗೆ ಒಂದು ನರಪಿಳ್ಳೆಯೂ ಬರ್ತಿರಲಿಲ್ಲ. ಬೀದಿಗೆ ಬೀದಿಯೇ ಒಳಗೆ ಕೂತಿರ್ತಿತ್ತು. ಅದಕ್ಕೆ ಬಣ್ಣ ಹಾಕಿದ್ದು ಯಾರು? ಇಲ್ಲಿ ಮಲಗಿದಾಳಲ್ಲ, ಇವಳು. ಮೂವತ್ತಾರು ವರ್ಷ. ಕಾಗದದ ಕಂಪನಿ ಅಂತ ಹೇಳಿದ್ದು ನಾನು. ಸುಳ್ಳು ಹೇಳಿದೆ. ಹೌದು, ದೆವ್ವದಣ್ಣ ನಾನು. ಏನೀಗ?”

ನಿರಾಸಾವಾ ತೊದಲಿ, ಬಾಗಿ, ಹಿಂದೆ ಸರಿದ.

ಗಾಡಿಯವನು ಬಂದು ಪದ್ಧತಿಯಂತೆ ಕಿಟಕಿ ಮುಚ್ಚಲು ಕೈ ಹಾಕಿದ. ಇವಾವೊ ಪುಟ್ಟ ಬಾಗಿಲಿಗೆ ಅಂಗೈ ಅಡ್ಡ ಇಟ್ಟ.

“ತೆರೆದಿರಲಿ.”

“ದಾರಿಯುದ್ದಕ್ಕೂ ಜನ ನಿಂತಿದಾರೆ, ಸಾರ್.”

“ಅದಕ್ಕೇ ಹೇಳಿದ್ದು.”

ಆರು ಜನ ಪೆಟ್ಟಿಗೆ ಎತ್ತಿದರು. ಬಂದರಿನ ಗಾಡಿಯವರೆಗೆ ಇಳಿಯುವ ಮೆಟ್ಟಿಲ ಬೀದಿಯಲ್ಲಿ, ಕಾಲು ಮುಂದಾಗಿ, ಅದು ಓರೆಯಾಯಿತು. ತಲೆಯ ಕಡೆ ಎತ್ತರವಾಯಿತು. ಮೀನು ಕೊಯ್ಯುವ ಹೆಂಗಸರು, ಬಲೆಯವರು, ಶಾಲೆಯ ಮಾಸ್ತರು, ಕರಿ ಬಟ್ಟೆಯಲ್ಲಿ ಬೀದಿಯ ಎರಡೂ ಬದಿಗೆ ತಲೆ ಬಾಗಿಸಿ ನಿಂತಿದ್ದರು. ಮೊದಲು ಒಬ್ಬಳು ವಾರೆಗಣ್ಣಲ್ಲಿ ನೋಡಿ ತಲೆಯೆತ್ತಿದಳು. ಆಮೇಲೆ ಅವಳ ಪಕ್ಕದವಳು. ಹಾಗೇ ಬಂದರಿನವರೆಗೆ, ಬಾಗಿದ ತಲೆಗಳು ಒಂದರ ಹಿಂದೊಂದು ಮೇಲೆದ್ದವು. ಚೌಕಾಕಾರದ ಆ ಕಿಟಕಿಯಲ್ಲಿ ಬಿಳಿ ತುದಿಯೊಂದು ನೆಟ್ಟಗೆ ನಿಂತು, ಯಾರಿಗೂ ದಾರಿ ಬಿಡದೆ ಬೀದಿಯ ನಡುಮಧ್ಯದಲ್ಲಿ ಸಾಗುತ್ತಿತ್ತು.