ರಾಜಮಹ್ಮದನ ಮಾತಿಲ್ಲದ ಪಾರ್ಟು

ಮೂವತ್ತೆಂಟು ವರ್ಷ ನಾಟಕ ಕಂಪನ್ಯಾಗ ಖಳನಾಯಕನ ಪಾರ್ಟು ಮಾಡಿದಾಂವ ನಾ, ರಾಜಮಹ್ಮದ. ಮೈಕ್ ಕೆಟ್ಟರೂ ನನ್ನ ದನಿ ಕಡೀ ಸಾಲಿನಾಗ ಕುಂತ ಮುದುಕಿಗೆ ಮುಟ್ಟತಿತ್ತು. ಅಂಥಾ ನನಗ ಒಬ್ಬ ಹುಡುಗಿ ಬಂದು "ಕಾಕಾ, ನನ್ನ ಸಿನಿಮಾದಾಗ ನಿಮಗ ಮಾತ ಇಲ್ಲರಿ" ಅಂದ್ರ ಸಿಟ್ಟು ಬರೂದಿಲ್ಲೇನು?

ಹುಡುಗಿ ಅಂದ್ರ ಬಸವೇಶ್ವರಿ, ನಮ್ಮ ಓಣಿ ನೇಕಾರ್ತಿ ಶಿವಬಸವ್ವನ ಮಗಳು. ಇಳಕಲ್ಲಿನಾಗ ಲಗ್ನ, ನಾಟಕ ಅಂತ ವಿಡಿಯೋ ತಗದು ಕೊಡ್ತಾಳ. ಮಂಗಳೂರಾಗ ಕಲಿಯೂ ಮುಂದ ಕೇರಳದ ಗೆಳತ್ಯಾರು ಮಲಯಾಳಂ ಸಿನಿಮಾದ ಹುಚ್ಚು ಹಿಡಿಸ್ಯಾರ. ಈಗ ತಾನೂ ಇಪ್ಪತ್ತು ನಿಮಿಷದ್ದೊಂದು ಮಾಡಾಕ ಹೊಂಟಿದ್ಲು. ಕಣ್ಣು ಮಂಜಾದ ಮುದುಕ ನೇಕಾರ, ಅಂವ ನೇಯೂ ಕಡೀ ಸೀರಿ, ಇಷ್ಟ ಕಥಿ.

ನನ್ನ ಕಣ್ಣೂ ಮಂಜ! ಎರಡು ವರ್ಷದ ಹಿಂದ ಕೆರೂರ ಕ್ಯಾಂಪಿನಾಗ ಸ್ಟೇಜಿನ ಅಂಚು ಕಾಣದೇ ಕೆಳಗ ಬಿದ್ದೆ. ಕಾಲು ಜಾರಿತು ಅಂತ ಸುಳ್ಳ ಹೇಳಿದೆ. ಮಾಲಕ ನಂಬಲಿಲ್ಲ, "ಮನ್ಯಾಗ ಆರಾಮ ಇರ್ರಿ" ಅಂದ. ಅವತ್ತಿನಿಂದ ಯಾರೂ ಪಾರ್ಟು ಕೊಟ್ಟಿಲ್ಲ. ಕುರುಡನ ಪಾರ್ಟು ಮಾಡಾಕೂ ನಟನ ಕಣ್ಣು ಚುರುಕ ಇರಬೇಕು, ಇದು ಕಂಪನಿ ಕಲಿಸಿದ ಪಾಠ. ಅದಕ್ಕ ಬಾಗಲಕೋಟಿ ಕಣ್ಣಿನ ಡಾಕ್ಟ್ರು ಕೊಟ್ಟ ದಪ್ಪ ಗಾಜಿನ ಚಾಳೀಸ ಕಿಸೆದಾಗ ಮುಚ್ಚಿಟಗೊಂಡು ಅಡ್ಡಾಡತಿದ್ದೆ. ಈ ಹುಡುಗಿಗೆ ತಿಳೀತಂದ್ರ ಬಂದ ಒಂದು ಪಾರ್ಟೂ ಹೋಗ್ತೈತಿ ಅಂತ ಅಂಜಿಕಿ.

"ಮೊದಲು ಇದನ್ನ ನೋಡ್ರಿ" ಅಂತ ಅಕಿ ಟಿವ್ಯಾಗ ಒಂದು ಮಲಯಾಳಂ ಸಿನಿಮಾ ಹಚ್ಚಿದಳು. ಫೈಟಿಲ್ಲ, ಡ್ಯುಯೆಟ್ಟಿಲ್ಲ. ಒಬ್ಬ ಬಡಿಗ್ಯಾ, ಮಾತು ಬಿಟ್ಟ ಅಣ್ಣನ ಮನಿಗೆ ಬಾಗಿಲಾ ಮಾಡಬೇಕು ಅಂತ ಅಕಿನ ತಿಳಿಸಿ ಹೇಳಿದ್ಲು. "ಇದೇನ ಕಥೀನಬೇ? ನಮ್ಮ ಓಣ್ಯಾಗ ಇಂಥಾವು ಹತ್ತು ಅದಾವು!" ಅಂತ ಒದರಾಡಿದೆ. ಟಿವಿ ಮುಂದ ಸರದು ಸರದು ಕುಂತೆ. ಬರೇ ಉಜ್ಜುಗೊರಡಿನ ಸಪ್ಪಳ. ಅಂವ ಹಳೇ ಚೌಕಟ್ಟಿನ ಮ್ಯಾಲ ಸಣ್ಣವರಿದ್ದಾಗ ಅಣ್ಣತಮ್ಮ ಇಬ್ಬರೂ ತಮ್ಮ ಎತ್ತರ ಅಳದು ಕೊರದ ಗೀಟು ಮುಟ್ಟಿದ, ಮತ್ತ ಉಜ್ಜಾಕ ಹತ್ತಿದ. ಒಂದು ಮಾತಿಲ್ಲ. ಖರೇ ಹೇಳತೇನಿ, ನನ್ನ ಕಣ್ಣಾಗ ನೀರು ಬಂತು. ಅಷ್ಟರಾಗ ಅವನ ಅತ್ತಿಗಿ ಬಂದು ಏನೋ ಬೈದಳು, ಭಾಷಾ ತಿಳೀಲಿಲ್ಲ, ಆದ್ರೂ ನಗಿ ಬಂತು.

"ಇವರ ಕಥಿಯೊಳಗ ಮೊದಲು ಕೆಲಸ, ಆಮ್ಯಾಲ ಮಾತು. ಅದಕ್ಕ ಅವರು ನಮ್ಮ ಮಂದಿ ಅನಸ್ತಾರ ಕಾಕಾ" ಅಂದ್ಲು ಬಸವೇಶ್ವರಿ.

ಮರುದಿನದಿಂದ ಒಂದು ತಿಂಗಳು ಶಿವಬಸವ್ವನ ಕುಣಿ ಮಗ್ಗದಾಗ ಕಾಲು ಇಳಿಬಿಟ್ಟು ಕುಂತೆ. ಅಕಿ ಬಾಯಿ ಅಂದ್ರ ಬಾಯಿ! "ರಾಜಣ್ಣ, ಅದು ಲಾಳಿ, ಕತ್ತಿ ಅಲ್ಲ. ಸಾವಕಾಶ ಒಗಿ!" ಲಾಳಿ ಒಗಿಯೂದು ಹೆಂಗರ ಬಂತು. ಸೆರಗು ಕೂಡಸೂದು ಮಾತ್ರ ಬರಲಿಲ್ಲ. ಇಳಕಲ್ಲ ಸೀರಿಗೆ ಮೈಯ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದರ ಕುಣಿಕ್ಯಾಗ ಇನ್ನೊಂದರ ಕುಣಿಕಿ ಒಂದೊಂದ ಸಿಗಿಸಬೇಕು. ಕಾಣಬೇಕಲ್ಲ!

ಶೂಟಿಂಗಿನ ದಿನ ಸೆರಗು ಕೂಡಸೂ ಸೀನೇ ಬಂತು. ನಾ ಕಳ್ಳ. ರಾತ್ರೋರಾತ್ರಿ "ಎಲೈ ವಿಧಿಯೇ!" ಅಂತ ಒಂದು ಡೈಲಾಗು ಕಟ್ಟಿಟಗೊಂಡಿದ್ದೆ. ಕೈ ಸೋತ್ರ ಬಾಯಿ ಕಾಯ್ತೈತಿ ಅಂತ ಲೆಕ್ಕ. ಕ್ಯಾಮೆರಾ ಚಾಲೂ ಆತು. ಒಂದು ಕುಣಿಕಿ ತಪ್ಪಿತು. ಇನ್ನೊಂದೂ ತಪ್ಪಿತು. ಬಾಯಿ ತಗದೆ, ವಿಧಿ ಬರಲೇ ಇಲ್ಲ.

"ಶಿವಬಸವ್ವಾ, ನನಗ ಕಾಣವಲ್ದವಾ. ಇದೊಂದು ಎಳಿ ಹಾಕಿಕೊಡ."

ಮೊದಲ ಸಾಲಿಗೂ ಮುಟ್ಟದಂಥಾ ದನಿ. ನನಗ ನಾಚಿಕಿ ಆತು. ಶಿವಬಸವ್ವ ಬೈಲಿಲ್ಲ. ಬಂದು ಬಾಜೂಕ ಕುಂತು, ನನ್ನ ಬೆರಳು ಹಿಡದು ಕುಣಿಕಿ ಮ್ಯಾಲ ಇಟ್ಟಳು. ಬೆರಳಿಗೆ ಎಳಿ ಸಿಕ್ತು. ಒಂದು ಸಿಗಿಸಿದೆ, ಇನ್ನೊಂದು ಸಿಗಿಸಿದೆ. ಬಸವೇಶ್ವರಿ ಕ್ಯಾಮೆರಾ ಬಂದ್ ಮಾಡಲೇ ಇಲ್ಲ.

ಮುಗದ ಮ್ಯಾಲ ತಲಿ ತಗ್ಗಿಸಿ ಅಂದೆ: "ತಪ್ಪಾತವಾ. ನನ್ನ ಕಣ್ಣು ಖರೇನ ಮಂಜ. ಬ್ಯಾರೇದಾಂವನ್ನ ನೋಡಕೋ."

"ಗೊತ್ತೈತ್ರಿ ಕಾಕಾ. ಕೆರೂರಾಗ ನೀವು ಬಿದ್ದಾಗ ವಿಡಿಯೋ ತಗೀತಿದ್ದಾಕಿ ನಾನ. ಕಾಲು ಜಾರಿದ್ದಲ್ಲ, ಅಂಚು ಕಾಣಲಿಲ್ಲ ಅಂತ ಅದರಾಗ ನೋಡೇನಿ. ಅದಕ್ಕ ನಿಮ್ಮನ್ನ ಕೇಳಿದ್ದು. ನೀವ ಒಂದಿನ ಬಾಯಿಬಿಟ್ಟು ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

ಕಿಲಾಡಿ ಹುಡುಗಿ! ನನ್ನಂಥಾ ಖಳನಾಯಕನ್ನ ಅಕಿನ ಆಟ ಆಡಿಸಿದ್ಲು.

ಮೊನ್ನೆ ಐತವಾರ ಮಧ್ಯಾಹ್ನ ನೇಕಾರರ ಸಂಘದ ಹಾಲ್‌ನಾಗ ಕಿಡಕಿಗೆ ಸೀರಿ ಕಟ್ಟಿ, ಕತ್ತಲಿ ಮಾಡಿ ಸಿನಿಮಾ ತೋರಿಸಿದ್ರು. ಮಗ್ಗ ಬಿಟ್ಟು ಬಂದ ಮಂದಿ, ಹಾಲ್ ತುಂಬಿತ್ತು. ನನ್ನ ಸೀನು ಬಂತು. ಸೀಟಿ ಇಲ್ಲ, ಚಪ್ಪಾಳಿ ಇಲ್ಲ. ಸತ್ತೆ ಅನಕೊಂಡೆ. ಆವಾಗ ಕಡೀ ಸಾಲಿನಿಂದ ಇಂದ್ರವ್ವ, ಅರವತ್ತು ವರ್ಷ ನೇಯ್ದ ಮುದುಕಿ, ಅಳುಕೋತ ಒದರಿದಳು:

"ಯವ್ವಾ, ಆ ಮುದುಕಗ ಯಾರರ ಒಂದು ಚಾಳೀಸ ಕೊಡಸ್ರೇ!"

ಹಾಲೆಲ್ಲಾ ಕಣ್ಣು ಒರಸ್ಕೋತ ನಕ್ಕಿತು. ನಾನೂ ನಕ್ಕೆ. ಕಿಸೆದಾಗಿನ ಚಾಳೀಸ ತಗದು, ಎಲ್ಲಾರ ಮುಂದ ಹಾಕ್ಕೊಂಡೆ. ಪರದೆ ಮ್ಯಾಲ ನನ್ನ ಮಾರಿ ಏನು ಮಾಡಾಕತ್ತೇತಿ ಅಂತ ನಾನೂ ನೋಡಬೇಕಿತ್ತು.